ನಾಲ್ಕಾಣೆ ಸಾಮ್ರಾಜ್ಯದ ಏಳುಬೀಳು: ಒಂದು ಮೀಮಾಂಸೆ

ಸಾಮ್ರಾಜ್ಯಗಳ ಉದಯಕಾಲವನ್ನು ನಿರ್ಣಯಿಸುವುದು ಕಷ್ಟ. ಅಸ್ತಮಾನದ ತಿಥಿ ಮಾತ್ರ ದಫ್ತರಗಳಲ್ಲಿ ದೊರೆಯುವುದುಂಟು. ನಮ್ಮ ವಿಚಾರಕ್ಕೆ ವಿಷಯವಾದ ನಾಲ್ಕಾಣೆ ಸಾಮ್ರಾಜ್ಯದ ಪಾಡೂ ಅದೇ. 1957ರ ಏಪ್ರಿಲ್ 1ರಂದು ಹದಿನಾರಾಣೆಯ ರೂಪಾಯಿ ನೂರು ನಯಾಪೈಸೆಯ ರೂಪಾಯಿಯಾಗಿ, ಆಣೆಯೆಂಬುದು ಕಾನೂನಿನಿಂದ ಅಳಿಸಿಹೋದರೂ, ಅದಾದ ಮೂರು ದಶಕಗಳ ಮೇಲೆ ಹುಟ್ಟಿ ಆಣೆಯ ಮುಖವನ್ನೇ ಕಾಣದ ಬಾಲಕರು ಕೂಡ ಇಪ್ಪತ್ತೈದು ಪೈಸೆಯ ಬಿಲ್ಲೆಯನ್ನು ನಾಲ್ಕಾಣೆಯೆಂದೇ ಕರೆದು, ಅದರ ಬಲದಿಂದ ಶಾಲೆಯ ಗೇಟಿನೆದುರಿನ ಪೆಟ್ಟಿಗೆ ಅಂಗಡಿಯ ಸಮಸ್ತ ಗಾಜಿನ ಭರಣಿಗಳ ಮೇಲೂ ಆಧಿಪತ್ಯ ನಡೆಸಿದರು. 2011ರ ಜೂನ್ 30ರಂದು 25 ಪೈಸೆಯೂ ಅದರ ಕೆಳಗಿನ ನಾಣ್ಯಗಳೂ ಚಲಾವಣೆಯನ್ನು ಕಳೆದುಕೊಂಡವು. ಆ ಬಾಲಕರು ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಮೊದಲ ಸಂಬಳ ಎಣಿಸುವ ವಯಸ್ಸಿಗೆ ಬಂದಿದ್ದುದು ಕಾಕತಾಳೀಯವೋ ಕಾರ್ಯಕಾರಣಸಂಬಂಧವೋ ಎಂಬುದೇ ಪ್ರಕೃತ ಪ್ರಬಂಧದ ಜಿಜ್ಞಾಸೆ.

ಬೆಲೆಗಳು ಅಗ್ಗವಾಗಿದ್ದವು, ಆದಕಾರಣ ಬಾಲಕನು ಶ್ರೀಮಂತನಾಗಿದ್ದನು ಎಂಬುದು ಪೂರ್ವಪಕ್ಷ. ಇದು ಸಲ್ಲದು. ಅದೇ ಅಗ್ಗದ ಬೆಲೆಗಳ ನಡುವೆ, ಅದೇ ಮನೆಯಲ್ಲಿ ವಾಸಿಸುತ್ತಿದ್ದ ತಂದೆಯವರು ತಿಂಗಳ ಇಪ್ಪತ್ತನೆಯ ತಾರೀಖು ಕಳೆಯುತ್ತಲೇ ದಿನಸಿ ಅಂಗಡಿಯ ಬೀದಿಯನ್ನು ತೊರೆದು ಹಿಂದಿನ ಓಣಿಯಿಂದ ಮನೆ ಸೇರುತ್ತಿದ್ದರೆಂಬುದಕ್ಕೆ ಪ್ರತ್ಯಕ್ಷಪ್ರಮಾಣವುಂಟು. ಸಿದ್ಧಾಂತವೇನೆಂದರೆ, ಅಕ್ಕಿ, ಸೀಮೆಎಣ್ಣೆ, ಬಾಡಿಗೆ, ಅಜ್ಜಿಯ ಕಷಾಯದ ಸಾಮಾನು ಇವಾವುವೂ ಬಾಲಕನ ಆಯವ್ಯಯದಲ್ಲಿ ಸುಳಿಯದೆ, ಅವನ ಆದಾಯವು ನೂರಕ್ಕೆ ನೂರರಷ್ಟು ಕಂಬರಕಟ್ಟಿಗೂ, ಹತ್ತು ಬೆರಳಿಗೂ ಉಂಗುರದಂತೆ ತೊಡಿಸಿಕೊಂಡು ಒಂದೊಂದಾಗಿ ಕಚ್ಚುವ ಬೋಟಿಗೂ, ಉಪ್ಪುಕಾರ ಹಚ್ಚಿದ ನೆಲ್ಲಿಕಾಯಿಗೂ ವಿನಿಯೋಗವಾಗುತ್ತಿತ್ತು. ಕೋಲಿಗೆ ಸುತ್ತಿದ ಬೊಂಬಾಯಿ ಮಿಠಾಯಿಯನ್ನು ಎಳೆದು ಗಡಿಯಾರ ಮಾಡಿ ಮಣಿಕಟ್ಟಿಗೆ ಅಂಟಿಸುವವನು ಬಂದ ದಿನವಂತೂ ಅವನು ಕಾಲವನ್ನೇ ಧರಿಸಿ ಮೆರೆದು, ಸಂಜೆಯೊಳಗೆ ಅದನ್ನು ನೆಕ್ಕಿ ಮುಗಿಸುತ್ತಿದ್ದನು. ಕುಬೇರನಿಗೂ ಅಳಕೆಯ ಕಾವಲುಗಾರರ ಸಂಬಳದ ಚಿಂತೆ ಇದ್ದಿರಬೇಕು. ಈತನಿಗೆ ಅದೂ ಇಲ್ಲ.

ಸ್ವತ್ತಿನ ವಿಭಾಗದಲ್ಲಿಯೂ ಆ ಪ್ರಜೆಗಳ ಧರ್ಮಸೂಕ್ಷ್ಮ ಅಸಾಧಾರಣವಾದುದು. ಒಂದೇ ಪೆಪ್ಪರಮಿಂಟನ್ನು ಅಂಗಿಯ ತುದಿಯಲ್ಲಿ ಸುತ್ತಿ ಹಲ್ಲಿನಿಂದ ಕಡಿದು ಇಬ್ಭಾಗ ಮಾಡಿದರೆ ಅದು ಕಾಗೆ ಎಂಜಲೆನಿಸುವುದೇ ಹೊರತು ನಿಜವಾದ ಎಂಜಲಾಗದೆಂಬ ವಿಧಿಗೆ ಸ್ಮೃತಿಗಳಲ್ಲಿ ಆಧಾರವಿಲ್ಲ. ಆದರೂ ಮಡಿಯನ್ನೂ ಮೈತ್ರಿಯನ್ನೂ ಏಕಕಾಲಕ್ಕೆ ಕಾಪಾಡಿದ ಇಂಥ ಶಾಸನವನ್ನು ಯಾವ ವಿಧಾನಮಂಡಲವೂ ರಚಿಸಿದಂತಿಲ್ಲ. ಅವರೇ ಮುಂದೆ ಬಾಡಿಗೆ ಮನೆಯೊಂದರಲ್ಲಿ ಮೂವರಾಗಿ ನೆಲಸಿ, ಗ್ಯಾಸ್ ಸಿಲಿಂಡರಿನ ಬೆಲೆಯನ್ನು ಮೂರರಿಂದ ಭಾಗಿಸಿ, ಶೇಷವಾಗಿ ಉಳಿದ ಒಂದು ರೂಪಾಯಿ ಯಾರ ಪಾಲಿನದೆಂದು ಮಧ್ಯರಾತ್ರಿಯವರೆಗೆ ವಾದಿಸಿದರೆಂಬುದನ್ನು ಇಲ್ಲಿ ಖೇದದಿಂದ ದಾಖಲಿಸುತ್ತೇವೆ.

ಸಂಚಯದ ವಿಚಾರ. ಜಾತ್ರೆಯಲ್ಲಿ ಕೊಂಡ ಮಣ್ಣಿನ ಹುಂಡಿಯೇ ಬಾಲಕನ ಕೋಶಾಗಾರ. ಮೈಸೂರಿನ ಓರಿಯಂಟಲ್ ಗ್ರಂಥಾಲಯದಲ್ಲಿ 1905ರಲ್ಲಿ ಗುರುತಿಸಿದ ಓಲೆಗರಿಯ ಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಮಾಡಿಸಿದ್ದರಿಂದ ಲೋಕಕ್ಕೆ ಮತ್ತೆ ಲಭಿಸಿದ ಅರ್ಥಶಾಸ್ತ್ರದಲ್ಲಿ, ಅಧಿಕಾರಿಗಳು ರಾಜನ ಬೊಕ್ಕಸವನ್ನು ನುಂಗಬಹುದಾದ 40 ಬಗೆಗಳನ್ನು ಕೌಟಿಲ್ಯನು ಎಣಿಸಿಟ್ಟಿದ್ದಾನೆ. ಹುಂಡಿಯನ್ನು ತಲೆಕೆಳಗು ಮಾಡಿ, ಸೀಳಿನೊಳಗೆ ಪೊರಕೆಕಡ್ಡಿ ತೂರಿಸಿ, ನಾಣ್ಯವನ್ನು ಅದರ ಮೇಲೆ ಜಾರಿಸಿ ಹೊರತರುವ ನಲವತ್ತೊಂದನೆಯದು ಅಲ್ಲಿಲ್ಲ. ಕೋಶಾಧ್ಯಕ್ಷನೂ ಕಳ್ಳನೂ ಒಬ್ಬನೇ ಆಗಿರುವ ರಾಜ್ಯವನ್ನು ಆ ಮಹಾನುಭಾವನು ಊಹಿಸಿರಲಿಲ್ಲವೆಂದು ತೋರುತ್ತದೆ. ಅಥವಾ ಅಂಥ ರಾಜ್ಯಗಳು ತೀರ ಪರಿಚಿತವಾಗಿದ್ದುದರಿಂದ ಪ್ರತ್ಯೇಕವಾಗಿ ಹೇಳಲಿಲ್ಲವೋ ಏನೋ.

ಇನ್ನು ಯೌವನಕಾಂಡ. ಇಲ್ಲಿ ಹಣವು ಸಾವಿರಗಳಲ್ಲಿ ಬರುತ್ತದೆ, ಹಾದುಹೋಗುತ್ತದೆನ್ನುವುದು ಶಾಸ್ತ್ರಶುದ್ಧ. ಮೂಲವೇತನದ ಶೇಕಡ 12 ಭವಿಷ್ಯನಿಧಿಗೂ, ತಿಂಗಳಿಗೆ ಇಷ್ಟೆಂದು ವೃತ್ತಿತೆರಿಗೆಗೂ ಸಂದ ಬಳಿಕ, ಬೆಂಗಳೂರಿನ ಸಂಪ್ರದಾಯದಂತೆ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ತೆತ್ತು, ಅದಕ್ಕೆಂದು ಸ್ನೇಹಿತರಲ್ಲಿ ಮಾಡಿದ ಕೈಗಡವನ್ನು ತೀರಿಸುತ್ತ, ಬೈಕಿನ ಕಂತು, ತಂಗಿಯ ಮದುವೆಗೆಂದು ಹಾಕಿದ ಚೀಟಿ ಇವುಗಳ ನಡುವೆ ನುಸುಳಿ ಉಳಿದುದೇ ತರುಣನ ಐಶ್ವರ್ಯ. ಮನೆ ಬಿಡುವಾಗ ಮಾಲೀಕನು ಸುಣ್ಣಬಣ್ಣದ ಬಾಬ್ತು ಒಂದು ತಿಂಗಳ ಬಾಡಿಗೆಯನ್ನು ಮುರಿದುಕೊಳ್ಳುವನು. ಆ ಗೋಡೆಗಳಿಗೆ ತರುಣನು ಮಾಡಿದ ಅಪಚಾರವೆಂದರೆ ಕ್ಯಾಲೆಂಡರಿನ ಒಂದು ಮೊಳೆ. ಈ ಭಾಗವನ್ನು ವಿಸ್ತರಿಸುವುದು ಅನಾವಶ್ಯಕ. ವಾಚಕರಲ್ಲಿ ಬಹುಮಂದಿಗೆ ಕಂಠಪಾಠವಾಗಿದೆ.

ಉಳಿದ ಪ್ರಶ್ನೆ ಒಂದೇ, ಅತ್ಯಂತ ಜಟಿಲವಾದದ್ದು: ಠೇವಣಿಗಳ ಪ್ರಶ್ನೆ. ಮನೆಗೆ ಬಂದ ಸೋದರಮಾವನು ಹೊರಡುವಾಗ ಹೊಸಿಲಲ್ಲಿ ನಿಂತು ಬಾಲಕನ ಅಂಗೈಗೆ ಮಡಿಸಿದ ನೋಟೊಂದನ್ನು ಒತ್ತುವನು. ಬಾಲಕನು ಕೈಯನ್ನು ಹಿಂದಕ್ಕೆಳೆಯದೆಯೇ ‘ಬೇಡ ಮಾವ, ಬೇಡ’ ಎನ್ನುತ್ತ ತಾಯಿಯ ಮುಖ ನೋಡುವನು. ತಾಯಿಯು ‘ಅಯ್ಯೋ, ಅದೆಲ್ಲ ಯಾಕಣ್ಣ’ ಎನ್ನುತ್ತಲೇ ಕಣ್ಣಿನಲ್ಲಿ ಅನುಮತಿಯನ್ನು ದಯಪಾಲಿಸುವಳು. ಮಾವನು ಬೀದಿಯ ತಿರುವು ದಾಟುವ ಮೊದಲೇ ಆ ನೋಟು ‘ಇಲ್ಲಿ ಕೊಡು, ಜೋಪಾನವಾಗಿ ಇಟ್ಟಿರ್ತೀನಿ’ ಎಂಬ ಮಂತ್ರಪೂರ್ವಕವಾಗಿ ಸಾಸಿವೆ ಡಬ್ಬಿಯನ್ನು ಸೇರುವುದು. 1963ರ ಕಾಲಮಿತಿ ಕಾಯಿದೆಯ ಮೇರೆಗೆ, ಕೇಳಿದಾಗ ಹಿಂದಿರುಗಿಸತಕ್ಕ ಠೇವಣಿಯ ವಿಷಯದಲ್ಲಿ ಮೂರು ವರ್ಷಗಳ ಅವಧಿಯು ಕೇಳಿದ ದಿನದಿಂದ ಮೊದಲಾಗುತ್ತದೆ. ಕೇಳುವ ಧೈರ್ಯವನ್ನೇ ಬಾಲಕನು ಮಾಡದಿದ್ದುದರಿಂದ ಹಕ್ಕು ಇನ್ನೂ ಸಜೀವವಾಗಿದೆಯೆಂಬುದು ನಮ್ಮ ಸುಚಿಂತಿತ ಅಭಿಪ್ರಾಯ. ಇದನ್ನು ನಂಬಿದ ತರುಣನೊಬ್ಬನು, ತಿಂಗಳ ಕೊನೆಯ ವಾರದಲ್ಲಿ, ದೂರವಾಣಿಯ ಮೂಲಕ ತನ್ನ ಹಕ್ಕನ್ನು ಸವಿನಯವಾಗಿ ಮಂಡಿಸಿದನು. ಪ್ರತಿವಾದಿಯಾದ ತಾಯಿಯು ಠೇವಣಿಯನ್ನು ಅಲ್ಲಗಳೆಯಲಿಲ್ಲ. ಆದರೆ ಯುಗಾದಿಗೆ ಬಂದವನು ಚಕ್ಕುಲಿ ತುಂಬಿಸಿಕೊಂಡು ಹೋದ ಸ್ಟೀಲ್ ಡಬ್ಬಿ ಗೌರಿಹಬ್ಬ ಬಂದರೂ ಹಿಂದಿರುಗಿಲ್ಲವೆಂದೂ, ಅದು ಮುಚ್ಚಳಸಮೇತ ಮನೆ ಸೇರಿದ ಮೇಲೆಯೇ ಮಿಕ್ಕ ಲೆಕ್ಕವೆಂದೂ ಪ್ರತಿದಾವೆ ಹೂಡಿದಳು. ಡಬ್ಬಿ ದೊರೆತಿದೆ, ಮುಚ್ಚಳದ ಸಂಶೋಧನೆ ಮುಂದುವರಿದಿದೆ.