ಬೆಕ್ಕಿನ ಪಂಚಾಯ್ತಿ: ರೂಪಾಂತರಿ ಮಾರ್ಜಾಲ ಕಾದಂಬರಿಗಳ ರಸಮೀಮಾಂಸೆ

ಮನುಷ್ಯರು ಬೆಕ್ಕುಗಳಾಗುವ ಕಾದಂಬರಿಯನ್ನು ವಿದ್ಯಾವಂತರು ಯಾಕೆ ಓದುತ್ತಾರೆ, ಅದೂ ಒಂದಕ್ಕೆ ನಿಲ್ಲದೆ ಆರು ಸಂಪುಟ ಯಾಕೆ ಓದುತ್ತಾರೆ ಎಂಬ ಪ್ರಶ್ನೆಯನ್ನು ಭರತನಿಂದ ಜಗನ್ನಾಥ ಪಂಡಿತನವರೆಗೆ ಯಾವ ಆಲಂಕಾರಿಕನೂ ಎತ್ತಿಕೊಂಡಿಲ್ಲ. ಅವರ ಪರವಾಗಿ ಹೇಳಬಹುದಾದ ಮಾತು ಒಂದೇ: ಆಗ ಅಂಥ ಕಾದಂಬರಿಗಳು ಇರಲಿಲ್ಲ. ಈಗ ಇವೆ. ಅಮೆರಿಕದ ರೇಚಲ್ ವಿನ್ಸೆಂಟ್ 2007ರಿಂದ 2010ರೊಳಗೆ, ‘ಸ್ಟ್ರೇ’ಯಿಂದ ಹಿಡಿದು ‘ಆಲ್ಫಾ’ವರೆಗೆ, ಆರು ಕಾದಂಬರಿಗಳ ‘ಶಿಫ್ಟರ್ಸ್’ ಸರಣಿಯನ್ನು ಬರೆದು ಮುಗಿಸಿ ಶಾಸ್ತ್ರಕ್ಕೆ ಲಕ್ಷ್ಯಗ್ರಂಥವನ್ನು ಒದಗಿಸಿದ್ದಾರೆ; ಲಕ್ಷಣ ಬರೆಯುವ ಹೊರೆ ಉಳಿದವರ ತಲೆಯ ಮೇಲೆ ಬಿದ್ದಿದೆ. ಓದುಗರನ್ನು ಕೊನೆಯ ಪುಟದವರೆಗೆ ಕಾಯಿಸುವುದು ಕಾದಂಬರಿಕಾರರ ಹಕ್ಕು, ಶಾಸ್ತ್ರಕಾರರದ್ದಲ್ಲ. ಆದ್ದರಿಂದ ಸಿದ್ಧಾಂತವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಈ ಕಾದಂಬರಿಗಳ ಆನಂದ ಮನುಷ್ಯ ಬೆಕ್ಕಾಗುವುದರಲ್ಲಿ ಇಲ್ಲ. ಹಾಗೆ ಆದ ಬೆಕ್ಕು ಮೀಟಿಂಗಿಗೆ ಹಾಜರಾಗಬೇಕಾಗುವುದರಲ್ಲಿ ಇದೆ.

ಮೊದಲು ಹೆಸರಿನ ವಿಚಾರ. ‘ವೇರ್‌ವುಲ್ಫ್’ನ ಅಚ್ಚಿನಲ್ಲಿ ‘ವೇರ್‌ಕ್ಯಾಟ್’ ಎಂಬ ಪದವನ್ನು ಎರಕ ಹೊಯ್ದಿದ್ದಾರೆ. ಹಳೆಯ ಇಂಗ್ಲಿಷಿನಲ್ಲಿ ‘ವೆರ್’ ಎಂದರೆ ಗಂಡಸು. ಲ್ಯಾಟಿನ್ನಿನ ‘ವಿರ್’, ಸಂಸ್ಕೃತದ ‘ವೀರ’ ಅದರ ಒಡಹುಟ್ಟುಗಳು. ಹಾಗಾಗಿ ವ್ಯುತ್ಪತ್ತಿಗೆ ನಿಷ್ಠವಾದ ಕನ್ನಡ ರೂಪ ‘ವೀರಮಾರ್ಜಾಲ’. ವೀರಗಲ್ಲುಗಳ ನಾಡಿನಲ್ಲಿ ಈ ಪದಕ್ಕೆ ವಿರೋಧ ಬರಲಾರದು, ಆದರೆ ವಿನ್ಸೆಂಟರ ನಾಯಕಿ ಹೆಂಗಸಾಗಿರುವುದರಿಂದ ವ್ಯಾಕರಣದ ಕಡೆಯಿಂದ ಬರಬಹುದು. ಇನ್ನು ‘ಅರ್ಬನ್ ಫ್ಯಾಂಟಸಿ’ ಎಂಬ ಪ್ರಕಾರದ ಹೆಸರು. ನಗರದಲ್ಲಿ ನಡೆಯಬೇಕೆಂದರೆ ಟೆಕ್ಸಸ್ಸಿನ ರ್‍ಯಾಂಚಿನಲ್ಲಿ ಬೀಡುಬಿಟ್ಟ ನಮ್ಮ ಲಕ್ಷ್ಯವೇ ಲಕ್ಷಣದ ಹೊರಗೆ ಉಳಿದು ಅವ್ಯಾಪ್ತಿ ದೋಷ ತಟ್ಟುತ್ತದೆ. ನಗರವನ್ನು ಬಿಟ್ಟು ‘ರೂಪ ಬದಲಿಸುವ ಜೀವಿಗಳ ಕಥೆ’ ಎಂದಷ್ಟೇ ಹೇಳಿದರೆ ಗಂಡನ ರೂಪ ತಾಳಿ ಬರುವ ‘ನಾಗಮಂಡಲ’ದ ನಾಗಪ್ಪನೂ ಒಳಗೆ ಹರಿದು ಬಂದು ಅತಿವ್ಯಾಪ್ತಿಯಾಗುತ್ತದೆ. ‘ಬೆಕ್ಕು’ ಎಂಬುದಕ್ಕೆ ಅಂಟಿಕೊಂಡರಂತೂ ಅಸಂಭವ. ಯಾಕೆಂದರೆ ಇಡೀ ಸರಣಿಯಲ್ಲಿ ಯಾರೂ ಬೆಕ್ಕಾಗುವುದಿಲ್ಲ. ಎಲ್ಲರೂ ಆಗುವುದು ಕರಿಚಿರತೆಯನ್ನು ಹೋಲುವ ದೊಡ್ಡ ಕಪ್ಪು ಮೃಗ. ನ್ಯಾಯಶಾಸ್ತ್ರ ಹೇಳುವ ಮೂರು ಲಕ್ಷಣದೋಷಗಳೂ ಹೀಗೆ ಒಂದೇ ಕಡೆ ಸಿಗುವುದು ಅಪರೂಪ. ಪಾಠ ಹೇಳುವವರು ಈ ಸರಣಿಯನ್ನು ಪಠ್ಯವಾಗಿ ಇಟ್ಟುಕೊಳ್ಳುವ ಯೋಚನೆ ಮಾಡಬಹುದು.

ಲಕ್ಷಣ ಸೋತಾಗ ಲಕ್ಷ್ಯವೇ ಗತಿ. ಫೇತ್ ಸ್ಯಾಂಡರ್ಸ್ ಊರು ಬಿಟ್ಟು ಸ್ನಾತಕೋತ್ತರ ಓದು ಓದುತ್ತಿರುವ ಹುಡುಗಿ, ಹುಟ್ಟಿನಿಂದಲೇ ಮಾರ್ಜಾಲಿ. ಅವಳ ತಂದೆ ತನ್ನ ಸೀಮೆಯ ‘ಆಲ್ಫಾ’, ಅಂದರೆ ಯಜಮಾನ. ಹೆರಬಲ್ಲ ಹೆಣ್ಣು ಮಾರ್ಜಾಲಿಗಳು ಉಳಿದಿರುವುದು 8; ಆ ಎಂಟರಲ್ಲಿ ಇವಳೊಬ್ಬಳು. ಇಷ್ಟು ಹೇಳಿದರೆ ಕನ್ನಡ ಓದುಗರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ: ಓದಿದ್ದು ಸಾಕು, ಮನೆಗೆ ಬಾ, ವಂಶ ಬೆಳೆಯಬೇಕು. ತಂದೆ ಮಗಳ ನಡುವೆ ಚೌಕಾಸಿ ನಡೆದು ಅವಳು ಎನ್‌ಫೋರ್ಸರ್ ಕೆಲಸಕ್ಕೆ ಸೇರುತ್ತಾಳೆ. ನಮ್ಮ ಹಳ್ಳಿಗಳ ಭಾಷೆಯಲ್ಲಿ ಅದು ತಳವಾರಿಕೆ. ಯಜಮಾನರ ಮೇಲೆ ‘ಟೆರಿಟೋರಿಯಲ್ ಕೌನ್ಸಿಲ್’ ಎಂಬ ಮಂಡಲಿ ಇದೆ. ಕಚ್ಚಿ ಮನುಷ್ಯರಿಗೆ ಮಾರ್ಜಾಲತ್ವ ಅಂಟಿಸುವುದು, ಕೊಲೆ, ಕುಲದ ಗುಟ್ಟನ್ನು ಮನುಷ್ಯರಿಗೆ ಬಿಟ್ಟುಕೊಡುವುದು, ಈ ಮೂರಕ್ಕೂ ಮರಣದಂಡನೆ. ಮೂರನೆಯ ಕಾದಂಬರಿ ‘ಪ್ರೈಡ್’ನಲ್ಲಿ ನಾಯಕಿ ಈ ಮೂರರಲ್ಲಿ ಎರಡು ಆರೋಪ ಹೊತ್ತು ಕಟಕಟೆಯಲ್ಲಿ ನಿಂತಿದ್ದಾಳೆ. ಹಲ್ಲು, ಉಗುರು, ಬಾಲ ಎಲ್ಲವೂ ಕೈಗೆಟಕುವ ದೂರದಲ್ಲಿರುವ ಜನ ಅವನ್ನೆಲ್ಲ ಬದಿಗಿಟ್ಟು ಕುರ್ಚಿ ಎಳೆದುಕೊಂಡು ಸಾಕ್ಷಿಗಳನ್ನು ವಿಚಾರಿಸುತ್ತಾರೆ. ಒಳಗೊಳಗೇ ಮಂಡಲಿಯ ಅಧ್ಯಕ್ಷಗಿರಿಯ ಜಗ್ಗಾಟ. ನಾಯಕಿಯ ಪ್ರಿಯಕರ ಮಾರ್ಕ್ ಹುಟ್ಟು ಮಾರ್ಜಾಲನಲ್ಲ, ಕಚ್ಚಿಸಿಕೊಂಡು ಆದವನು. ಆ ಜಾತಿಯವರಿಗೆ ‘ಸ್ಟ್ರೇ’, ಅಂದರೆ ಬೀಡಾಡಿ, ಎಂದೇ ಹೆಸರು. ಅವನ ಪಾಲಿಗೆ ಬರುವುದು ಗಡಿಪಾರು. ಕಥೆ ಯಾವ ಕುಲದ್ದು ಎಂದು ಇನ್ನೂ ಅನುಮಾನವಿದ್ದವರು ಬಾಲವನ್ನು ಬೆರಳಿನಿಂದ ಮುಚ್ಚಿಕೊಂಡು ಇದೇ ಪುಟಗಳನ್ನು ಮತ್ತೊಮ್ಮೆ ಓದಬಹುದು. ಹಿರಿಯರ ಪಂಚಾಯ್ತಿ, ಹೊರಗಿನ ಹುಡುಗ, ಓದಿದ ಹೆಣ್ಣುಮಗಳು, ಗುಟ್ಟು ಬೀದಿಗೆ ಬಿದ್ದೀತೆಂಬ ಭಯ ಎಲ್ಲ ಹಾಗೇ ಉಳಿಯುತ್ತವೆ.

ಇಲ್ಲಿ ಪ್ರಾಣಿಶಾಸ್ತ್ರಜ್ಞರು ಪೂರ್ವಪಕ್ಷ ಎತ್ತುತ್ತಾರೆ. ಬೆಕ್ಕಿನ ಕುಲದಲ್ಲಿ ಸುಮಾರು 40 ಪ್ರಭೇದಗಳಿವೆ, ನಿಜವಾಗಿ ಕೂಡಿ ಬಾಳುವುದು ಸಿಂಹವೊಂದೇ. ಚಿರತೆಗಳು ಮಂಡಲಿ ಕಟ್ಟುವುದೆಂತು, ಕಟ್ಟಿದರೂ ಕೋರಂ ಆಗುವುದೆಂತು ಎಂದು ಅವರ ಪ್ರಶ್ನೆ. ಸಿಂಹಗಳಿಂದ ಎರವಲು ತಂದರೆಂದರೆ ಅದೂ ತಲೆಕೆಳಗಾಗಿದೆ. ಸಿಂಹದ ಗುಂಪಿನಲ್ಲಿ ಉಳಿಯುವವು ಹೆಣ್ಣುಗಳು, ತಾಯಿ ಮಗಳು ಅಕ್ಕ ತಂಗಿ. ಗಂಡುಗಳು ಹೊರಗಿನಿಂದ ಬಂದು ಕೆಲವೇ ವರ್ಷ ಇದ್ದು ಇನ್ನೊಂದು ಜೋಡಿ ಬಂದಾಗ ಜಾಗ ಖಾಲಿ ಮಾಡುತ್ತವೆ. ತುಳುನಾಡಿನವರು ಈ ಏರ್ಪಾಟನ್ನು ಅಳಿಯಕಟ್ಟು ಎಂದು ಥಟ್ಟನೆ ಗುರುತಿಸಿಯಾರು. ವಿನ್ಸೆಂಟರ ಮಾರ್ಜಾಲಗಳದ್ದೋ ಶುದ್ಧ ಮಕ್ಕಳಕಟ್ಟು. ಇನ್ನು ‘ಆಲ್ಫಾ’ ಎಂಬ ಪದವಿ ಬಂದದ್ದು ತೋಳಗಳಿಂದ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳ ಜಗಳ ನೋಡಿ ಬರೆದರು, 1970ರಲ್ಲಿ ಡೇವಿಡ್ ಮೆಕ್ ತಮ್ಮ ಪುಸ್ತಕದಿಂದ ಅದನ್ನು ಜನಪ್ರಿಯಗೊಳಿಸಿದರು. 1999ರಲ್ಲಿ ಅದೇ ಮೆಕ್, ಕಾಡಿನ ತೋಳಗಳ ಗುಂಪು ಅಧಿಕಾರದ ಏಣಿಯಲ್ಲ, ಅಪ್ಪ ಅಮ್ಮ ಮತ್ತು ಮಕ್ಕಳ ಸಂಸಾರ ಎಂದು ತಿದ್ದಿದರು. ಅಂದರೆ ತೋಳಗಳಿಗೇ ಒಪ್ಪದೆ ಬಿದ್ದ ಅಂಗಿಯನ್ನು ಬೆಕ್ಕಿಗೆ ತೊಡಿಸಲಾಗಿದೆ. ಈ ಆಕ್ಷೇಪವನ್ನು ಪೂರ್ತಿಯಾಗಿ ಒಪ್ಪುತ್ತೇನೆ, ಯಾಕೆಂದರೆ ಅದು ನಮ್ಮ ಸಿದ್ಧಾಂತಕ್ಕೇ ಸಾಕ್ಷಿ. ತೋಳ ಸಭೆಗೆ ಬಂದರೆ ಅದರಲ್ಲಿ ಹೇಳುವಂಥದ್ದೇನಿಲ್ಲ, ಅದು ಬರುವ ಪ್ರಾಣಿಯೇ. ಕರೆದರೆ ಬರದ, ಬಂದರೆ ಕೂರದ, ಕೂತರೆ ಕಾಗದದ ಮೇಲೆಯೇ ಕೂರುವ ಪ್ರಾಣಿಯನ್ನು ಹಿಡಿದು ತಂದು ನಡಾವಳಿಗೆ ಸಹಿ ಹಾಕಿಸುವುದರಲ್ಲಿ ಕಾವ್ಯವಿದೆ. ಔಚಿತ್ಯಭಂಗವೇ ಇಲ್ಲಿ ರಸಮೂಲ. ‘ಅನೌಚಿತ್ಯವಲ್ಲದೆ ರಸಭಂಗಕ್ಕೆ ಬೇರೆ ಕಾರಣವಿಲ್ಲ’ ಎಂಬ ಮತದ ಆನಂದವರ್ಧನನ ಅನುಯಾಯಿಗಳು ಈ ವಾಕ್ಯವನ್ನು ಕ್ಷಮಿಸಬೇಕು.

ಹಾಗಾದರೆ ಇದು ಯಾವ ರಸ? ಒಂಬತ್ತರಲ್ಲಿ ಯಾವುದಕ್ಕೂ ಹೊಂದದ್ದರಿಂದ ‘ಸಭಾರಸ’ ಎಂಬ ಹತ್ತನೆಯದನ್ನು ಪ್ರಸ್ತಾಪಿಸದೆ ವಿಧಿಯಿಲ್ಲ. ಇದರ ಸ್ಥಾಯಿಭಾವ ಗುರುಗುಟ್ಟುವ ವಿಧೇಯತೆ. ಆಲಂಬನ ವಿಭಾವ ಯಜಮಾನ, ಉದ್ದೀಪನ ವಿಭಾವ ಉದ್ದನೆಯ ಮೇಜು. ಅನುಭಾವಗಳು ಕಿವಿ ಹಿಂದಕ್ಕೆ ಮಡಿಚುವುದು, ಬಾಲವಿದ್ದರೆ ನೆಲಕ್ಕೆ ಬಡಿಯುವುದು. ಸಂಚಾರಿ ಭಾವಗಳನ್ನು ಹೊಸದಾಗಿ ಹುಡುಕುವ ಶ್ರಮವೂ ಇಲ್ಲ: ಭರತ ಎಣಿಸಿದ 33ರಲ್ಲಿ ನಿದ್ರೆ, ಆಲಸ್ಯ, ಅಮರ್ಷ, ಗರ್ವ ಇವೆ, ಬೆಕ್ಕನ್ನು ಎದುರಿಗಿಟ್ಟುಕೊಂಡೇ ಪಟ್ಟಿ ಮಾಡಿದನೋ ಎಂಬಷ್ಟು ಸರಿಯಾಗಿ ಹೊಂದುತ್ತವೆ. ಇಂಗ್ಲಿಷಿನಲ್ಲಿ ಸಿಂಹದ ಗುಂಪಿಗೂ ಗರ್ವಕ್ಕೂ ‘ಪ್ರೈಡ್’ ಎಂಬ ಒಂದೇ ಪದವಿರುವುದು ಆಕಸ್ಮಿಕವೆಂದು ಭಾಷಾವಿಜ್ಞಾನಿಗಳು ಹೇಳಿಯಾರು. ಅವರು ಹೇಳಲಿ.

ಈ ರಸದ ತಾತ್ತ್ವಿಕ ಬೇರು ನಮ್ಮಲ್ಲಿಯೇ ಇದೆ. ಶ್ರೀವೈಷ್ಣವರಲ್ಲಿ ತೆಂಗಲೆಯವರದು ಮಾರ್ಜಾಲ ನ್ಯಾಯ: ತಾಯಿಬೆಕ್ಕು ಕುತ್ತಿಗೆ ಕಚ್ಚಿ ಎತ್ತಿಕೊಂಡು ಹೋಗುತ್ತದೆ, ಮರಿ ಸುಮ್ಮನೆ ಜೋತು ಬಿದ್ದರಾಯಿತು. ವಡಗಲೆಯವರದು ಮರ್ಕಟ ನ್ಯಾಯ: ಮರಿಕೋತಿ ತಾನಾಗಿ ತಾಯಿಯ ಹೊಟ್ಟೆಯನ್ನು ತಬ್ಬಿಕೊಳ್ಳಬೇಕು. ಫೇತ್‌ಳ ದುರಂತವೆಂದರೆ ಅವಳದು ಮಾರ್ಜಾಲ ದೇಹ, ಮರ್ಕಟ ಸಿದ್ಧಾಂತ. ತಾನು ಯಾವಾಗ, ಯಾರನ್ನು, ಎಷ್ಟು ಬಿಗಿಯಾಗಿ ಹಿಡಿಯಬೇಕೆಂಬುದನ್ನು ತಾನೇ ನಿರ್ಧರಿಸುತ್ತೇನೆ ಎನ್ನುತ್ತಾಳೆ. ಕುಟುಂಬವೋ ಕುತ್ತಿಗೆಯ ಚರ್ಮಕ್ಕೆ ಬಾಯಿ ಹಾಕಿಯೇ ನಿಂತಿದೆ. ಆರು ಸಂಪುಟಗಳ ಜಗಳವನ್ನು ಇದಕ್ಕಿಂತ ಚಿಕ್ಕದಾಗಿ ಹೇಳಲು ನನಗಂತೂ ಬರುವುದಿಲ್ಲ. ಕೊನೆಯ ಸಂಪುಟದ ಹೆಸರು ‘ಆಲ್ಫಾ’ ಎಂದಿರುವುದನ್ನು ಗಮನಿಸಿದರೆ, ಎತ್ತಿಸಿಕೊಳ್ಳುವುದನ್ನು ತಪ್ಪಿಸಿಕೊಳ್ಳಬೇಕಾದರೆ ಉಳಿದಿರುವ ದಾರಿ ತಾನೇ ಎತ್ತುವವಳಾಗುವುದು ಎಂದು ಊಹಿಸಬಹುದು.

ಇದೆಲ್ಲ ಒಬ್ಬ ಲೇಖಕಿಯ ಚಪಲವಿರಬಹುದಲ್ಲ ಎಂಬ ಶಂಕೆಗೆ ಅನ್ವಯ ವ್ಯತಿರೇಕಗಳಿಂದ ಉತ್ತರ. ಅನ್ವಯ: ಬೆಕ್ಕು ಎಲ್ಲಿಯೋ ಅಲ್ಲಿ ಸಭೆ. ಇಲೋನಾ ಆಂಡ್ರೂಸ್ ಎಂಬ ಒಂದೇ ಹೆಸರಿನಲ್ಲಿ ಬರೆಯುವ ಗಂಡಹೆಂಡಿರು 2007ರಲ್ಲಿ ‘ಮ್ಯಾಜಿಕ್ ಬೈಟ್ಸ್’ನಿಂದ ಶುರುಮಾಡಿದ ಸರಣಿಯಲ್ಲಿ ಅಟ್ಲಾಂಟಾದ ರೂಪಾಂತರಿಗಳಿಗೆಲ್ಲ ದೊರೆ ಕರ್ರನ್ ಎಂಬ ನರಸಿಂಹ, ನಾಯಕಿ ಕೇಟ್ ಡೇನಿಯಲ್ಸ್ ಮೊದಲ ಭೇಟಿಯಲ್ಲೇ ಅವನನ್ನು ಮನೆಬೆಕ್ಕನ್ನು ಕರೆಯುವ ದನಿಯಲ್ಲಿ ಕರೆಯುತ್ತಾಳೆ. ಅಂಥ ದೊರೆಯೂ ಏಳು ಬಣಗಳ ತಂಟೆ ತಕರಾರು ಕೇಳುತ್ತ ಕೂರಬೇಕು. ಫಿಜಿಯಲ್ಲಿ ಹುಟ್ಟಿ ನ್ಯೂಜಿಲೆಂಡಿನಲ್ಲಿ ಬೆಳೆದ ನಳಿನಿ ಸಿಂಗ್ 2006ರ ‘ಸ್ಲೇವ್ ಟು ಸೆನ್ಸೇಷನ್’ನಲ್ಲಿ ಇನ್ನೂ ಮುಂದೆ ಹೋಗಿದ್ದಾರೆ. ಅವರ ಸ್ಯಾನ್‌ಫ್ರಾನ್ಸಿಸ್ಕೊದ ಚಿರತೆಗಳ ಯಜಮಾನ ನಾಯಕಿಯನ್ನು ಭೇಟಿಯಾಗುವುದು ಬೆಳದಿಂಗಳ ಕಾಡಿನಲ್ಲಲ್ಲ, ಮನೆ ಕಟ್ಟಿಸುವ ವ್ಯವಹಾರದ ಮಾತುಕತೆಯಲ್ಲಿ. ಚಿರತೆ ರಿಯಲ್ ಎಸ್ಟೇಟಿಗೆ ಇಳಿದ ಮೇಲೆ ಸಭೆ ತಪ್ಪುವುದುಂಟೆ? ವ್ಯತಿರೇಕ: ಸಭೆ ಇಲ್ಲದಲ್ಲಿ ಈ ರಸವೂ ಇಲ್ಲ. ವಾಲ್ ಲ್ಯೂಟನ್ ನಿರ್ಮಿಸಿ ಜಾಕ್ ಟೂರ್ನರ್ ನಿರ್ದೇಶಿಸಿದ 1942ರ ‘ಕ್ಯಾಟ್ ಪೀಪಲ್’ ಚಿತ್ರದ ಐರೀನಾ, ಮುತ್ತಿಟ್ಟರೆ ತಾನು ಕರಿಚಿರತೆಯಾಗಿಬಿಡುವೆನೆಂದು ಹೆದರಿ ಬದುಕುವವಳು. ಸರ್ಬಿಯಾದಿಂದ ನ್ಯೂಯಾರ್ಕಿಗೆ ಬಂದ ಅವಳಿಗೆ ಅಲ್ಲಿ ತವರಿಲ್ಲ, ಯಜಮಾನನಿಲ್ಲ, ಕೇಳುವ ಪಂಚಾಯ್ತಿ ಇಲ್ಲ. ಇರುವವರು ತಿಳಿವಳಿಕೆಯಿಲ್ಲದ ಗಂಡ ಮತ್ತು ತಿಳಿದವನೆಂದುಕೊಂಡಿರುವ ಮನೋವೈದ್ಯ. ಚಿತ್ರ ಪೂರ್ತಿ ನೆರಳು, ಹೆಜ್ಜೆ ಸಪ್ಪಳ, ಎದೆ ಧಸಕ್ಕೆನ್ನಿಸುವಂತೆ ನುಗ್ಗಿ ನಿಲ್ಲುವ ಒಂದು ಬಸ್ಸು. ಒಳ್ಳೆಯ ಚಿತ್ರ, ಆದರೆ ಭಯಾನಕ ರಸದ್ದು. ಐರೀನಾಳಿಗೆ ನಾಲ್ಕು ಜನ ಅತ್ತೆಯರೂ ಒಬ್ಬ ಸೋದರಮಾವನೂ ಇದ್ದಿದ್ದರೆ ಕಥೆ ಸಾವಿನಲ್ಲಿ ಮುಗಿಯದೆ ಐದು ಸಂಪುಟ ನಡೆಯುತ್ತಿತ್ತು.

ರಸಿಕರ ಇನ್ನೊಂದು ಆಕ್ಷೇಪವನ್ನು ಲಘುವಾಗಿ ತಳ್ಳುವಂತಿಲ್ಲ. ಜನ ಈ ಪುಸ್ತಕಗಳನ್ನು ಕೊಳ್ಳುವುದು ಶೃಂಗಾರಕ್ಕೆ ಮತ್ತು ಹೊಡೆದಾಟಕ್ಕೆ, ಸಭೆಯ ಪುಟಗಳನ್ನು ಮಗುಚಿ ಮುಂದೆ ಹೋಗುತ್ತಾರೆ ಎನ್ನುತ್ತಾರೆ ಅವರು. ಆದರೆ ಶೃಂಗಾರಕ್ಕೆ ತಡೆ ಬೇಕು, ಹೊಡೆದಾಟಕ್ಕೆ ಕಾರಣ ಬೇಕು. ಇಲ್ಲಿ ಎರಡನ್ನೂ ಸರಬರಾಜು ಮಾಡುವುದು ಮಂಡಲಿಯೇ. ಮಾರ್ಕ್ ಪಕ್ಕದ ಕೋಣೆಯಲ್ಲೇ ಇದ್ದಿದ್ದರೆ ವಿಪ್ರಲಂಭ ಎಲ್ಲಿಂದ ಬರಬೇಕು? ಗಡಿಪಾರಿನ ನಿರ್ಣಯದಿಂದಲೇ ವಿರಹ. ‘ಮೇಘದೂತ’ದ ಯಕ್ಷನಿಗೆ ಕುಬೇರನ ಶಿಸ್ತುಕ್ರಮ ಇರದಿದ್ದರೆ ಮೋಡಕ್ಕೂ ಕೆಲಸವಿರುತ್ತಿರಲಿಲ್ಲ. ಕಟ್ಟಳೆಯೇ ರೂಪಾಂತರದ ಜೀವವೆಂಬುದು ಕನ್ನಡದ ಜನಪದರಿಗೆ ಮೊದಲೇ ಗೊತ್ತಿತ್ತು. ಎ. ಕೆ. ರಾಮಾನುಜನ್ ಸಂಗ್ರಹಿಸಿದ ಹೂವಿನ ಮರದ ಕಥೆಯಲ್ಲಿ ಹುಡುಗಿ ಮರವಾಗುವುದಕ್ಕೆ ಒಂದು ಕೊಡ ನೀರು, ಮತ್ತೆ ಹುಡುಗಿಯಾಗುವುದಕ್ಕೆ ಇನ್ನೊಂದು ಕೊಡ; ನಾದಿನಿ ಕೊಂಬೆ ಮುರಿದು ಎರಡನೆಯ ಕೊಡವನ್ನು ಸರಿಯಾಗಿ ಹೊಯ್ಯದೆ ಹೋದಾಗ ಅವಳು ಅತ್ತ ಮರವೂ ಅಲ್ಲದೆ ಇತ್ತ ಹೆಣ್ಣೂ ಅಲ್ಲದೆ ಉಳಿಯುತ್ತಾಳೆ. ಇಲ್ಲಿಯೂ ಕೇಡು ಬರುವುದು ಮಾಯೆಯಿಂದಲ್ಲ, ಗಂಡನ ಮನೆಯವರು ಕ್ರಮ ತಪ್ಪಿದ್ದರಿಂದ.

ಪೂರ್ತಿ ಉತ್ತರ ದೊರೆಯದ ತೊಡಕುಗಳು ಕೆಲವಿವೆ. ಬೆಕ್ಕಿನ ಕುಲಕ್ಕೆ ಸಿಹಿ ತಿಳಿಯುವುದಿಲ್ಲ, ಅದಕ್ಕೆ ಬೇಕಾದ ಜೀನ್ ಕೆಟ್ಟುಹೋಗಿದೆ ಎಂದು 2005ರಲ್ಲಿ ವಿಜ್ಞಾನಿಗಳು ತೋರಿಸಿದರು. ಹಾಗಾಗಿ ಮಾರ್ಜಾಲರ ಮನೆಯ ಮದುವೆಯಲ್ಲಿ ಒಬ್ಬಟ್ಟನ್ನು ಬಾಲ ಮೂಡುವ ಮೊದಲೇ ಬಡಿಸಬೇಕೆಂಬ ಉಪನಿಯಮ ಅಗತ್ಯ. ಬಟ್ಟೆಯ ಪ್ರಶ್ನೆ ಇನ್ನೂ ನಾಜೂಕಿನದು. ದೇಹ ಬದಲಾಗುತ್ತದೆ, ಹತ್ತಿ ಬದಲಾಗುವುದಿಲ್ಲ. ಕಳಚಿಟ್ಟರೆ ಮರಳಿ ಬರುವಷ್ಟರಲ್ಲಿ ಇರುತ್ತದೆಂಬ ಭರವಸೆಯಿಲ್ಲ, ಕಳಚದಿದ್ದರೆ ಉಳಿಯುವುದೇ ಇಲ್ಲ. ತೂಕದ ಪ್ರಶ್ನೆಯಂತೂ ಬುಡಕ್ಕೇ ಕೈಹಾಕುತ್ತದೆ. 60 ಕಿಲೋ ಮನುಷ್ಯ 60 ಕಿಲೋ ಚಿರತೆಯಾಗುವುದರಲ್ಲಿ ಭೌತಶಾಸ್ತ್ರಕ್ಕೆ ತಕರಾರಿಲ್ಲ, ಈ ಕಾದಂಬರಿಗಳಲ್ಲಿ ಮನೆಬೆಕ್ಕು ಕಾಣದಿರುವುದಕ್ಕೂ ಇದೇ ಕಾರಣವೆಂದು ಭಾವಿಸುತ್ತೇನೆ. 4 ಕಿಲೋ ಬೆಕ್ಕಾದರೆ ಮಿಕ್ಕ 56 ಕಿಲೋ ಎಲ್ಲಿಡಬೇಕು? ಈ ಲೆಕ್ಕವನ್ನು ಪ್ರಾಮಾಣಿಕವಾಗಿ ಒಪ್ಪಿಸಿರುವವರು ಫೇತ್ ಹಂಟರ್. 2009ರ ‘ಸ್ಕಿನ್‌ವಾಕರ್’ನಿಂದ ಆರಂಭವಾಗುವ ಅವರ ಸರಣಿಯ ಜೇನ್ ಯೆಲ್ಲೊರಾಕ್ ತನಗಿಂತ ಹಗುರವಾದ ಪ್ರಾಣಿಯ ರೂಪ ತಾಳುವಾಗ ಹೆಚ್ಚಿನ ದ್ರವ್ಯರಾಶಿಯನ್ನು ಬಂಡೆಯಲ್ಲಿ ಬಿಟ್ಟು ಹೋಗುತ್ತಾಳೆ, ಮರಳಿದ ಮೇಲೆ ಹಿಂದಕ್ಕೆ ಪಡೆಯುತ್ತಾಳೆ. ಆದರೆ ಆ ಬಂಡೆ ಯಾರ ಸರ್ವೆ ನಂಬರಿನಲ್ಲಿದೆ, ಠೇವಣಿಗೆ ರಸೀದಿ ಉಂಟೇ, ಅವಳು ಮರಳುವಷ್ಟರಲ್ಲಿ ಯಾರಾದರೂ ಅದನ್ನು ಒಡೆದು ಜಲ್ಲಿ ಮಾಡಿದರೆ ಹೊಣೆ ಯಾರದು ಎಂಬ ವಿಷಯಗಳು ಚರ್ಚೆಗೆ ಬಂದು, ಸದಸ್ಯರಲ್ಲಿ ಕೆಲವರು ಕಿಟಕಿಯಿಂದ ಹಾರಿ ಹೋಗಿದ್ದರಿಂದ, ಮುಂದಿನ ಸಭೆಗೆ ಮುಂದೂಡಲ್ಪಟ್ಟಿವೆ.