ಎಲ್-1 ಟೆಂಡರಿಗೆ ಸಿಕ್ಕಿಬಿದ್ದ ಇ. ಕೋಲಿ

ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಡುವ ಆಸ್ಪರಾಜಿನೇಸ್ ಕಿಣ್ವದ ಇಂಜೆಕ್ಷನ್ನಿನ ಗುಣಮಟ್ಟದ ರಗಳೆ ಆಗಾಗ ಸುದ್ದಿಯಾಗುವುದೂ ನಾಲ್ಕು ದಿನಕ್ಕೆ ಒಳಪುಟ ಸೇರಿ ಮಾಯವಾಗುವುದೂ ಓದುಗರಿಗೆ ಹೊಸದಲ್ಲ. ಕಂಪನಿಗಳ ಸ್ಪಷ್ಟನೆ ಬಂದಾಯಿತು, ಅಧಿಕಾರಿಗಳು ‘ಪರಿಶೀಲಿಸುತ್ತೇವೆ’ ಎಂದದ್ದೂ ಆಯಿತು. ಆ ಕಿಣ್ವವನ್ನು ಮೈಮುರಿದು ತಯಾರಿಸುವ ಕೂಲಿಯಾಳನ್ನು ಮಾತ್ರ ಯಾರೂ ಕೇಳಲಿಲ್ಲ. ಆದ್ದರಿಂದ ಈ ಸಂದರ್ಶನ. ಹೆಸರು: ಎಷೆರಿಶಿಯಾ ಕೋಲಿ ಎಂಬ ಬ್ಯಾಕ್ಟೀರಿಯಾ. ವಿಳಾಸ: ದೊಡ್ಡ ಕರುಳು.

ಪ್ರಶ್ನೆ: ನೇರವಾಗಿ ವಿಷಯಕ್ಕೆ ಬರುತ್ತೇನೆ. ಟೆಂಡರಿನಲ್ಲಿ ಅತಿ ಕಡಿಮೆ ದರ ಬರೆದವರಿಗೇ, ಅಂದರೆ ಎಲ್-1ಗೇ, ಆರ್ಡರ್ ಕೊಡುವ ನಮ್ಮ ಪದ್ಧತಿ…

ಇ. ಕೋಲಿ: ಟೆಂಡರು ಆಮೇಲೆ ಸ್ವಾಮಿ, ಮೊದಲು ನನ್ನ ಮಾನದ ಪ್ರಶ್ನೆ. 1885ರಲ್ಲಿ ಥಿಯೊಡೊರ್ ಎಷೆರಿಶ್ ಎಂಬ ಮಕ್ಕಳ ಡಾಕ್ಟರು ಹಸುಗೂಸುಗಳ ಮಲದಲ್ಲಿ ನನ್ನನ್ನು ಗುರುತಿಸಿದರು. ಅಂದಿನಿಂದ ನನ್ನ ಹೆಸರು ಪತ್ರಿಕೆಗೆ ಬರುವುದು ಕುಡಿಯುವ ನೀರಿಗೆ ಚರಂಡಿ ಸೇರಿದಾಗ ಮಾತ್ರ. ಪೈಪು ಒಡೆದದ್ದು ಯಾರದೋ, ಬೈಗುಳ ನನಗೆ! ಔಷಧದ ಕೀರ್ತಿಯಾದರೂ ಸಿಕ್ಕೀತೇ ಎಂದರೆ ಅದನ್ನು ಗಿನಿಪಿಗ್ ಹೊಡೆದುಕೊಂಡಿತು. 1953ರಲ್ಲಿ ನ್ಯೂಯಾರ್ಕಿನ ಜಾನ್ ಕಿಡ್ ಗಿನಿಪಿಗ್ ಸೀರಂ ಚುಚ್ಚಿದಾಗ ಇಲಿಗಳ ಲಿಂಫೋಮಾ ಗಡ್ಡೆ ಕರಗಿತಂತೆ. ಅದು ಆಸ್ಪರಾಜಿನೇಸ್ ಕಿಣ್ವದ ಕೆಲಸವೆಂದು ಜಾನ್ ಬ್ರೂಮ್ ಆಮೇಲೆ ತೋರಿಸಿದರಂತೆ. ಒಪ್ಪಿದೆ. ಆದರೆ ಊರೂರಿನ ಮಕ್ಕಳಿಗೆ ಸಾಲುವಷ್ಟು ಕಿಣ್ವವನ್ನು ಆ ಪುಟ್ಟ ಪ್ರಾಣಿಯ ರಕ್ತದಿಂದ ಹಿಂಡಲಾದೀತೆ? 1964ರಲ್ಲಿ ಮ್ಯಾಶ್‌ಬರ್ನ್ ಮತ್ತು ರಿಸ್ಟನ್ ನನ್ನ ಕಿಣ್ವವೂ ಗಡ್ಡೆ ಕರಗಿಸುತ್ತದೆಂದು ತೋರಿಸಿದರು. ಇದು ಔಷಧವಾಗುವ ದಾರಿ ತೆರೆದದ್ದು ಆಗ.

ಪ್ರಶ್ನೆ: ಆದರೆ ನಿಮ್ಮ ಕಿಣ್ವದಿಂದ ಅಲರ್ಜಿಯಾಗುತ್ತದೆ, ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತದೆ, ರಕ್ತ ಹೆಪ್ಪುಗಟ್ಟುವುದೂ ಉಂಟು.

ಇ. ಕೋಲಿ: ಅಲರ್ಜಿಯಾದ ಕೂಡಲೇ ಯಾರನ್ನು ಕರೆಸುತ್ತಾರೆ ಗೊತ್ತೆ? ಎರ್ವಿನಿಯಾನನ್ನು! ಗಿಡ, ಗೆಡ್ಡೆ ಕೊಳೆಸಿಕೊಂಡು ತಿರುಗುವವನು ಅವನು. ಅವನ ಕಿಣ್ವ ಇಂಗ್ಲೆಂಡಿನ ಪೋರ್ಟನ್ ಡೌನ್‌ನಲ್ಲಿ ತಯಾರಾಗುತ್ತಿತ್ತು, ಪದೇಪದೇ ಕೊರತೆ ಬೀಳುತ್ತಿತ್ತು. ನಾನು ಮಾತ್ರ ಇಪ್ಪತ್ತು ನಿಮಿಷಕ್ಕೆ ಒಬ್ಬ ಇಬ್ಬರಾಗಿ ದುಡಿಯುತ್ತೇನೆ.

(ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಎದುರಿನ ಕುರ್ಚಿಯಲ್ಲಿ ಆಗಲೇ ಇಬ್ಬರು ಕೂತಿದ್ದರು.)

ಪ್ರಶ್ನೆ: ಹಾಗಾದರೆ ನಿಮ್ಮ ಪರವಾಗಿ ನಾನೇ ಹೇಳುತ್ತೇನೆ. ಆಸ್ಪರಾಜಿನ್ ಎಂಬ ಅಮೈನೋ ಆಮ್ಲವನ್ನು ನಮ್ಮ ಆರೋಗ್ಯವಂತ ಜೀವಕೋಶಗಳು ತಾವೇ ಮಾಡಿಕೊಳ್ಳುತ್ತವೆ. ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾದ ಕೋಶಗಳಿಗೆ ಆ ಶಕ್ತಿ ಸಾಲದು. ರಕ್ತದಲ್ಲಿ ಹರಿದು ಬರುವುದನ್ನೇ ನೆಚ್ಚಿಕೊಂಡಿವೆ. ನಿಮ್ಮ ಕಿಣ್ವ ಅದನ್ನು ಒಡೆದು ಆಸ್ಪಾರ್ಟಿಕ್ ಆಮ್ಲ ಮತ್ತು ಅಮೋನಿಯಾ ಮಾಡುತ್ತದೆ, ಕ್ಯಾನ್ಸರ್ ಕೋಶ ಹಸಿದು ಸಾಯುತ್ತದೆ. ಆದರೆ ಈ ಉಪವಾಸ ಬಿಡುವಿಲ್ಲದೆ ನಡೆಯಬೇಕು. ರಕ್ತದ ಪ್ರತಿ ಮಿಲಿಲೀಟರಿನಲ್ಲಿ ಕನಿಷ್ಠ 0.1 ಯೂನಿಟ್ ಚಟುವಟಿಕೆ ಉಳಿದಿರಬೇಕೆಂಬುದು ವೈದ್ಯರು ಸಾಮಾನ್ಯವಾಗಿ ಇಟ್ಟುಕೊಂಡಿರುವ ಅಳತೆ. ಇಲ್ಲಿಗೇ ನನ್ನ ತಕರಾರು ಬಂತು. ಟೆಂಡರಿನ ತಾಂತ್ರಿಕ ಲಕೋಟೆಯಲ್ಲಿ ಲೈಸೆನ್ಸು, ಸರ್ಟಿಫಿಕೇಟು, ವಾರ್ಷಿಕ ವಹಿವಾಟು ಎಲ್ಲ ಕೇಳುತ್ತಾರೆ. ಇಂಜೆಕ್ಷನ್ ಕೊಟ್ಟು ಎರಡು ದಿನವಾದ ಮೇಲೆ ಮಗುವಿನ ರಕ್ತದಲ್ಲಿ ಎಷ್ಟು ಉಳಿದಿತ್ತು ಎಂದು ಕೇಳುವವರು ಅಪರೂಪ. ಆಮೇಲೆ ದರದ ಲಕೋಟೆ ಒಡೆದರೆ ಮುಗಿಯಿತು. ಸೀಸೆಯ ಮೇಲೆ 10,000 ಯೂನಿಟ್ ಎಂದು ಅಚ್ಚಾಗಿದ್ದರೆ ಎಲ್ಲ ಸೀಸೆಯೂ ಒಂದೇ ಎಂಬ ನಂಬಿಕೆ. ಪ್ಯಾರಸಿಟಮಾಲ್‌ನಂಥ ಸಣ್ಣ ಅಣುವಿಗೆ ಈ ಲೆಕ್ಕ ಹೇಗೋ ನಡೆದೀತು, ಬ್ಯಾಕ್ಟೀರಿಯಾ ಒಡೆದು ಸೋಸಿ ತೆಗೆಯುವ ಕಿಣ್ವಕ್ಕೆ ನಡೆಯುವುದಿಲ್ಲ.

ಇ. ಕೋಲಿ: ಸೋಸಿ ತೆಗೆಯುವುದು ಎಂದಿರಲ್ಲ, ಬ್ರೆಜಿಲ್‌ನಲ್ಲಿ ಅದೇ ಆಗಿರಲಿಲ್ಲ ಸ್ವಾಮಿ. 2017ರಲ್ಲಿ ಅಲ್ಲಿನ ಆರೋಗ್ಯ ಸಚಿವಾಲಯ ಹಳೆಯ ಬ್ರ್ಯಾಂಡ್ ಬಿಟ್ಟು ಚೀನಾದಲ್ಲಿ ತಯಾರಾದ ಇನ್ನೊಂದನ್ನು ಕೊಂಡಿತು. ಕಂಪಿನಾಸ್ ನಗರದ ಬೋಲ್ದ್ರಿನಿ ಮಕ್ಕಳ ಆಸ್ಪತ್ರೆಯವರು ನಂಬದೆ ಪರೀಕ್ಷೆ ಮಾಡಿಸಿದರು. ಸೀಸೆಯೊಳಗಿನ ಪ್ರೋಟೀನಿನಲ್ಲಿ ಸುಮಾರು ಶೇ. 40 ಭಾಗ ಆಸ್ಪರಾಜಿನೇಸೇ ಅಲ್ಲ, ನನ್ನ ಮೈಯ ಬೇರೆ ಪ್ರೋಟೀನುಗಳು! ಅಂಥ ಬೇಡದ ಪ್ರೋಟೀನುಗಳು ಹನ್ನೆರಡು ಬಗೆ. ನೀರಿನಲ್ಲಿ ನಾನೊಬ್ಬ ಕಂಡರೆ ಟ್ಯಾಂಕನ್ನೇ ಖಾಲಿ ಮಾಡಿಸುತ್ತೀರಿ. ಮಗುವಿಗೆ ಚುಚ್ಚುವ ಸೀಸೆಯಲ್ಲಿ ನನ್ನ ಹೊಟ್ಟೆಯ ಕಸ ಇದ್ದರೆ ದರಪಟ್ಟಿ ನೋಡುತ್ತೀರಿ! ಕೂದಲುದುರಿದ ನಾಲ್ಕು ವರ್ಷದ ಮಗುವಿನ ಕೈಯಲ್ಲಿ ನರ ಹುಡುಕಿ ಹುಡುಕಿ ಸೂಜಿ ಹಾಕುವುದು ಇಂಥದ್ದಕ್ಕೋ? ತಂದೆತಾಯಿ ಹೊಲ ಮಾರಿ ಆಸ್ಪತ್ರೆಯ ಕಾರಿಡಾರಿನಲ್ಲಿ ಮಲಗುವುದು ಇದಕ್ಕೋ? ನಾನು ಚರಂಡಿಯವನು, ಒಪ್ಪುತ್ತೇನೆ. ಆದರೆ ಸುಳ್ಳು ಲೇಬಲ್ ಅಂಟಿಸಿದವನು ನಾನಲ್ಲ.

ಪ್ರಶ್ನೆ: ಇದಕ್ಕೆ ಅಧಿಕಾರಿಗಳ ಉತ್ತರ ನನಗೆ ಗೊತ್ತಿದೆ: ದುಬಾರಿ ಔಷಧವೇ ಬೇಕೆಂದು ಹಟ ಹಿಡಿದರೆ ಬಡ ಮಕ್ಕಳಿಗೆ ಏನೂ ಸಿಗುವುದಿಲ್ಲ. ಈ ಮಾತನ್ನು ಹಗುರಾಗಿ ತಳ್ಳಿಹಾಕಲಾಗದು; ಅಗ್ಗದ ಜೆನರಿಕ್‌ಗಳಿಂದ ಲಕ್ಷಾಂತರ ಜೀವ ಉಳಿದಿರುವುದು ನಿಜ. ನನ್ನ ಜಗಳ ಅಗ್ಗದ ಬೆಲೆಯ ಮೇಲಲ್ಲ, ಪರೀಕ್ಷೆಯೇ ಇಲ್ಲದ ಅಗ್ಗದ ಮೇಲೆ. ಭಾರತದಲ್ಲಿ ಮಾರಾಟವಾಗುವ ಜೆನರಿಕ್‌ಗಳನ್ನು ವೈದ್ಯರೇ ಪ್ರಯೋಗಾಲಯಕ್ಕೆ ಒಯ್ದು ಅಳೆದು 2020ರಲ್ಲಿ ಪ್ರಕಟಿಸಿದಾಗಲೂ ಲೇಬಲ್ಲಿಗೂ ಒಳಗಿನ ಸರಕಿಗೂ ತಾಳೆಯಾಗದಿರುವುದು ಕಂಡಿತು. 2023ರ ಜನವರಿಯಲ್ಲಿ ತನಿಖಾ ಪತ್ರಕರ್ತರು ಬರೆದಂತೆ ಸಂಶಯದ ಬ್ರ್ಯಾಂಡ್‌ಗಳು ತೊಂಬತ್ತಕ್ಕೂ ಹೆಚ್ಚು ದೇಶಗಳಿಗೆ ಹೋಗಿದ್ದವು. ಕೆಲಸ ಮಾಡದ ಸೀಸೆ ಎಷ್ಟೇ ಸೋವಿಯಾದರೂ ಕೊಟ್ಟ ದುಡ್ಡು ದಂಡ. ಕಾಯಿಲೆ ಮರುಕಳಿಸಿದ ಮಗುವಿನ ಚಿಕಿತ್ಸೆಯ ಖರ್ಚನ್ನು ಯಾವ ಎಲ್-1 ಭರಿಸುತ್ತಾನೆ?

ಇ. ಕೋಲಿ: ಔಷಧ ಕೆಲಸ ಮಾಡದಿದ್ದರೆ ಡಾಕ್ಟರಿಗೆ ಗೊತ್ತಾಗುವುದಿಲ್ಲವೆ ಎನ್ನುವವರೂ ಇದ್ದಾರೆ.

ಪ್ರಶ್ನೆ: ಸುಲಭವಾಗಿ ಗೊತ್ತಾಗುವುದಿಲ್ಲ. ಈ ಕಾಯಿಲೆಗೆ ವಿನ್‌ಕ್ರಿಸ್ಟಿನ್, ಸ್ಟೀರಾಯ್ಡ್, ಮೆಥೋಟ್ರೆಕ್ಸೇಟ್ ಎಲ್ಲ ಸೇರಿಸಿ ಕೊಡುತ್ತಾರೆ. ಮೊದಲ ಸುತ್ತಿನಲ್ಲಿ ಮಗು ಚೇತರಿಸಿಕೊಂಡರೆ ಯಾವುದರಿಂದ ಎಂದು ಬೇರ್ಪಡಿಸಲಾಗದು, ತಿಂಗಳುಗಳ ನಂತರ ಕಾಯಿಲೆ ಮರಳಿದರೆ ಯಾವುದರ ಕೊರತೆ ಎಂದೂ ತೋರಿಸಲಾಗದು. ಕೆಲವು ಮಕ್ಕಳ ಮೈ ಯಾವ ದದ್ದೂ ಏಳದೆ, ಉಸಿರೂ ಕಟ್ಟದೆ, ಒಳಗೊಳಗೇ ಪ್ರತಿಕಾಯ ಹುಟ್ಟಿಸಿ ಕಿಣ್ವವನ್ನು ನಿಷ್ಕ್ರಿಯ ಮಾಡುವುದೂ ಉಂಟು. ಇದೆಲ್ಲಕ್ಕೂ ಒಂದೇ ಕನ್ನಡಿ, ರಕ್ತದಲ್ಲಿ ಆಸ್ಪರಾಜಿನೇಸ್ ಚಟುವಟಿಕೆ ಅಳೆಯುವ ಪರೀಕ್ಷೆ. ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳು ನಡೆಸಬಲ್ಲ ಪರೀಕ್ಷೆ ಅದು. ಹೊಸ ಬ್ಯಾಚ್ ಬಂದಾಗ ಕೆಲವೇ ಮಕ್ಕಳಲ್ಲಿ ಅಳೆದು ಆ ಅಂಕಿಯನ್ನು ದರದ ಪಕ್ಕದಲ್ಲೇ ಬರೆದರೆ ಯಾವುದು ನಿಜಕ್ಕೂ ಅಗ್ಗ ಎಂದು ಲೆಕ್ಕದ ಗುಮಾಸ್ತನಿಗೂ ತಿಳಿಯುತ್ತದೆ. ಅಂಕಿ ಇಲ್ಲದ ಬಿಡ್ ತಾಂತ್ರಿಕ ಲಕೋಟೆಯಲ್ಲೇ ಬಿದ್ದುಹೋಗಲಿ. ಎಲ್-1 ಲೆಕ್ಕ ಉಳಿದವರ ನಡುವೆ ನಡೆಯಲಿ.

ಇ. ಕೋಲಿ: ಟೆಂಡರ್ ಕಮಿಟಿಗೆ ನನ್ನನ್ನೂ ಸೇರಿಸಿಕೊಳ್ಳಿ. ಆ ಸೀಸೆಯಲ್ಲಿ ಕಿಣ್ವ ಯಾವುದು, ನನ್ನ ಕಸ ಯಾವುದು ಎಂದು ನನಗಿಂತ ಚೆನ್ನಾಗಿ ಹೇಳುವವರು ಯಾರಿದ್ದಾರೆ?