ಪೆಲೆಟ್ ರಾಯರು

ಮಗಳಿಗೆ ಏರ್ ರೈಫಲ್ ಕೊಡಿಸಿ, ಆಮೇಲೆ ಅದರ ಗುಂಗು ತಾವೇ ಹಿಡಿಸಿಕೊಂಡ ಅಪ್ಪಂದಿರು ಠಾಣೆಯಿಂದ ಪನ್ವೇಲ್‌ವರೆಗೆ ಎಲ್ಲ ಕಡೆ ಸಿಗುತ್ತಾರೆ. ನಮ್ಮ ಡೊಂಬಿವಲಿಯ ಪಾಲಿಗೆ ಬಂದವರು ಪೆಲೆಟ್ ರಾಯರು. ಗುರಿ ಇಡುವುದು ಮಗಳು. ಶಿಲ್‌ಫಾಟಾದ ಟ್ರಾಫಿಕ್ಕಿನಲ್ಲಿ ಬೇಯುತ್ತಾ ಅಭ್ಯಾಸಕ್ಕೆ ಹೋಗಿಬರುವುದೂ ಮಗಳೇ. ಆದರೆ ಪದಕ ಬರುವುದು ಮಾತ್ರ ಪೆಲೆಟ್ಟಿನಿಂದ ಎಂದು ರಾಯರ ನಂಬಿಕೆ.

ಈ ರೋಗ ತಗುಲಿದ್ದು ಟೆಕ್ಸಾಸಿನಲ್ಲಿರುವ ಭಾವನ ಮಗನಿಂದ. ಅವನು ಅಲ್ಲಿ 1000 ಗಜ ದೂರದ ಗುರಿಗೆ ಹೊಡೆಯುವವನು. ತೋಟಾಗಳನ್ನು ಗ್ಯಾರೇಜಿನಲ್ಲಿ ಕೂತು ತಾನೇ ತುಂಬಿಕೊಳ್ಳುತ್ತಾನೆ. ಮದ್ದು ಚೂರು ಹೆಚ್ಚುಕಮ್ಮಿಯಾದರೂ ಗುಂಡಿನ ವೇಗ ಬದಲಾಗಿ, ಅಷ್ಟು ದೂರ ಮುಟ್ಟುವಷ್ಟರಲ್ಲಿ ಮೇಲೋ ಕೆಳಗೋ ಬೀಳುತ್ತದಂತೆ. ವಿಡಿಯೋ ಕಾಲಿನಲ್ಲಿ ಇದನ್ನು ನೋಡಿದ ರಾಯರಿಗೆ ನಿದ್ದೆ ಹಾರಿಹೋಯಿತು. ನಮ್ಮಲ್ಲಿ ಲೈಸೆನ್ಸಿಲ್ಲದೆ ಮನೆಯಲ್ಲಿ ತೋಟಾ ತಯಾರಿಸಿದರೆ 1959ರ ಶಸ್ತ್ರಾಸ್ತ್ರ ಕಾಯಿದೆ ಸುಮ್ಮನೆ ಬಿಡುವುದಿಲ್ಲ. ಏರ್ ರೈಫಲ್ಲಿಗಂತೂ ಮದ್ದೇ ಬೇಡ. ಉಳಿದದ್ದು ಅರ್ಧ ಗ್ರಾಮಿನ ಸೀಸದ ಪೆಲೆಟ್. ರಾಯರು ಅದರ ಬೆನ್ನು ಹತ್ತಿದರು.

ಚಿನ್ನದಂಗಡಿಯವರು ಇಡುವಂಥ, ಮಿಲಿಗ್ರಾಂ ತೋರಿಸುವ ತಕ್ಕಡಿ ಮನೆಗೆ ಬಂತು. ಫ್ಯಾನ್ ಹಾಕಿದರೆ ಅಂಕಿ ಕುಣಿಯುತ್ತದೆ. ಲೋಕಲ್ ಹಾದುಹೋದರೂ ಕುಣಿಯುತ್ತದೆ ಎನ್ನುವುದು ರಾಯರ ತಕರಾರು. ಹಾಗಾಗಿ ಮೇ ತಿಂಗಳ ಸೆಖೆಯಲ್ಲೂ ಫ್ಯಾನ್ ಬಂದ್, ಕಿಟಕಿ ಬಂದ್. ಕೊನೆಯ ಲೋಕಲ್ ಹೋದ ಮೇಲೆಯೇ ಮುಹೂರ್ತ. ಚಿಮಟದಲ್ಲಿ ಒಂದೊಂದೇ ಪೆಲೆಟ್ ಎತ್ತಿ, ಹಿಂಭಾಗದ ತೆಳು ಅಂಚು ನಗ್ಗಿದೆಯೋ ಎಂದು ಭೂತಗನ್ನಡಿಯಲ್ಲಿ ನೋಡಿ, ತೂಗಿ, ವಾರದ ಏಳು ಖಾನೆಯ ಮಾತ್ರೆ ಡಬ್ಬಿಗೆ ಹಾಕುತ್ತಾರೆ. ಸೋಮವಾರಕ್ಕೆ 530 ಮಿಲಿಗ್ರಾಮಿನವು, ಮಂಗಳವಾರಕ್ಕೆ 531. ಮೊದಲು ಅದರಲ್ಲಿ ಅವರ ಬಿಪಿ ಮಾತ್ರೆ ಇರುತ್ತಿತ್ತು. ಅದೀಗ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ.

“ರೀ, ಸೀಸ ಮುಟ್ಟಿದ ಕೈಯಲ್ಲಿ ಉಪ್ಪಿನಕಾಯಿ ಭರಣಿ ಮುಟ್ಟಿದರೆ ನೋಡಿ ಮತ್ತೆ!” ಎಂದು ಒಳಗಿನಿಂದ ಕೂಗು ಬರುತ್ತದೆ. ಆ ಮನೆಯಲ್ಲಿ ನಡೆಯುವ ವಿಜ್ಞಾನ ಅದೊಂದೇ ಎಂದು ನನ್ನ ಅಭಿಪ್ರಾಯ.

ಹಾಗೆಂದು ಪೂರಾ ಹುಚ್ಚು ಎನ್ನುವಂತಿಲ್ಲ. 10 ಮೀಟರ್ ದೂರದ ಗುರಿಹಲಗೆಯಲ್ಲಿ ಹತ್ತರ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ದೊಡ್ಡ ಶೂಟರುಗಳೂ ರೈಫಲನ್ನು ಇಕ್ಕಳದಲ್ಲಿ ಬಿಗಿದು, ಯಾವ ಲಾಟಿನ ಪೆಲೆಟ್ ತಮ್ಮ ನಳಿಗೆಗೆ ಒಗ್ಗುತ್ತದೆ ಎಂದು ಪರೀಕ್ಷಿಸುತ್ತಾರೆ. ಆದರೆ ಇಕ್ಕಳಕ್ಕೆ ಎದೆ ಹೊಡೆದುಕೊಳ್ಳುವುದಿಲ್ಲ, ಹತ್ತನೇ ಕ್ಲಾಸಿನ ಪರೀಕ್ಷೆಯೂ ಇರುವುದಿಲ್ಲ. ರಾಯರ ಲೆಕ್ಕವೇ ಬೇರೆ: 10.6 ಬಂದರೆ ಪೆಲೆಟ್ಟಿನ ಪುಣ್ಯ, 8.9 ಬಂದರೆ ಮಗಳ ಪಾಪ. “ರಾತ್ರಿ ಮೊಬೈಲ್ ನೋಡಿದ್ಯಾ?”

ಯಾರಾದರೂ ನಕ್ಕರೆ ರಾಯರ ಬಾಯಲ್ಲಿ ಇತಿಹಾಸ ಸಿದ್ಧವಿದೆ. “2004ರಲ್ಲಿ ಕೌಲಾಲಂಪುರದಲ್ಲಿ ಸುಮಾ ಶಿರೂರು 400ಕ್ಕೆ 400 ಹೊಡೆದರು. ನಮ್ಮ ಚಿಕ್ಕಬಳ್ಳಾಪುರದವರು! ಇಲ್ಲೇ ಪನ್ವೇಲ್‌ನಲ್ಲಿ ಕ್ಲಬ್ ಇದೆ.” ರಾಯರ ಊರು ಕುಂದಾಪುರ, ಚಿಕ್ಕಬಳ್ಳಾಪುರವನ್ನು ಅವರು ಕಣ್ಣಲ್ಲೂ ಕಂಡವರಲ್ಲ. ಸೆಂಟ್ರಲ್ ರೈಲ್ವೆಯಲ್ಲಿ ಟಿಕೆಟ್ ಕಲೆಕ್ಟರ್ ಆಗಿದ್ದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ಮೇಲಂತೂ ಟಿಸಿಗಳಿಗೆ ಇವರ ಕಾಟ ಶುರುವಾಯಿತು. ಕೇಳುವ ಮೊದಲೇ ಪಾಸ್ ಚಾಚಿ, ಅವರ ಭುಜ, ನಿಲುವು ಅಳೆದು, “ನೀವೂ ಶೂಟಿಂಗಾ?” ಎಂದು ವಿಚಾರಿಸುತ್ತಾರೆ. ಹಿಂದೆ ನಿಂತವರು ಬೈಯುತ್ತಾರೆ.

ಮೊನ್ನೆಯ ಸ್ಪರ್ಧೆಯಲ್ಲಿ ಮಗಳು ಕೊನೆಯ ಹತ್ತು ಶಾಟ್‌ಗಳಲ್ಲಿ ಜಾರಿದಳು. ರಾಯರು ಆಗಲೇ ಪೆಲೆಟ್ ಡಬ್ಬಿ ತಿರುವಿ ಲಾಟ್ ನಂಬರ್ ಓದುತ್ತಿದ್ದರು.

“ಪೆಲೆಟ್ ಸರಿಯಾಗೇ ಇತ್ತಪ್ಪ. ನಾನು ಉಸಿರು ಹಿಡಿಯೋದ್ರಲ್ಲಿ ಹೆಚ್ಚುಕಮ್ಮಿ ಆಯ್ತು.”

ರಾಯರ ಮುಖ ಅರಳಿತು. ಜೇಬಿನಿಂದ ಪೆನ್ನು ತೆಗೆದರು.

“ಎಷ್ಟು ಸೆಕೆಂಡು?”